ಐದು ತಪ್ಪು ಪಾಸ್‌ವರ್ಡ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಡಯಾಲಿಸಿಸ್ ಕೇಂದ್ರದ ಆಡಳಿತಾಧಿಕಾರಿ ಠಾಣೆಗೆ ಬಂದರು. ಕೈಯಲ್ಲಿ ಟೈಪ್ ಮಾಡಿಸಿದ ದೂರು ಇತ್ತು. ಕೊನೆಯ ಪ್ಯಾರಾದಲ್ಲಿ ಯಾರನ್ನು ಬಂಧಿಸಬೇಕು ಎಂಬುದನ್ನೂ ಅವರೇ ಬರೆದುಕೊಂಡು ಬಂದಿದ್ದರು.

ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರು. ವಿಷಯ ಇಷ್ಟು. ಕೇಂದ್ರದಲ್ಲಿ ಪ್ರತಿ ಪಾಳಿಗೂ ಒಬ್ಬ ಮುಖ್ಯ ನರ್ಸ್. ರೋಗಿಗಳ ಚಿಕಿತ್ಸೆಯ ವಿವರ ಕಂಪ್ಯೂಟರಿನಲ್ಲಿ ತೆರೆಯಬೇಕಾದರೆ ಆಕೆಯ ಲಾಗಿನ್ ಬೇಕು. ಐದು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಆ ಲಾಗಿನ್ ಅರ್ಧ ಗಂಟೆ ಮುಚ್ಚಿಕೊಳ್ಳುತ್ತದೆ. ಒಂದು ತಿಂಗಳಿಂದ ಬೆಳಗಿನ ಪಾಳಿಯ ಸಿಸ್ಟರ್ ಲಾಗಿನ್ ಹೊತ್ತುಗೊತ್ತಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಶನಿವಾರವೂ ಹಾಗೇ ಆಯಿತು. ಆಗ ಕುರ್ಚಿಯಲ್ಲಿ ಕೂತಿದ್ದವರು ವಾರಕ್ಕೆ ಮೂರು ಸಲ ಬರುವ ಮುದುಕ, ಕೆಲಸ ಬಿಟ್ಟ ದರ್ಜಿ. ಅವರ ಮೈಯಿಂದ ಎಷ್ಟು ನೀರು ತೆಗೆಯಬೇಕು ಎಂಬ ಲೆಕ್ಕ ಕಂಪ್ಯೂಟರಿನಲ್ಲಿತ್ತು. ಅದು ತೆರೆಯಲಿಲ್ಲ. ಸಿಸ್ಟರ್ ಕಂಪ್ಯೂಟರ್ ಕೋಣೆಗೆ ಓಡಿದ್ದಾಗ, ಹೊಸದಾಗಿ ಸೇರಿದ ನರ್ಸ್ ಯಂತ್ರಕ್ಕೆ ಅಂಟಿಸಿದ್ದ ಹಳೆಯ ಚೀಟಿಯ ಲೆಕ್ಕವನ್ನೇ ಹಾಕಿದಳು. ಮುದುಕನ ಮೈಯಿಂದ ತೆಗೆಯಬೇಕಾದದ್ದಕ್ಕಿಂತ ಹೆಚ್ಚು ನೀರು ಹೋಯಿತು. ಈಗ ಅವರು ದೊಡ್ಡಾಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು.

"ಸಿಸ್ಟರ್ ಯಾಕೆ ತಮ್ಮ ಲಾಗಿನ್ನ ತಾವೇ ಮುಚ್ಚಿಸ್ಕೋತಾರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮರೆವು ಸಾರ್. ಇಲ್ಲಾಂದ್ರೆ ಹೊಟ್ಟೆಕಿಚ್ಚು. ಅಮ್ಮನಿಗೆ ಹುಷಾರಿಲ್ಲ ಅಂತ ಎಂಟು ತಿಂಗಳು ರಜೆ ಹಾಕಿದ್ರು. ವಾಪಸ್ ಬಂದ್ಮೇಲೆ ಕೇಳಿದ ಪಾಳಿ ಕೊಡ್ಲಿಲ್ಲ ಅಂತ ಮುಖ ಊದಿಸ್ಕೊಂಡಿದ್ರು."

"ಎರಡರಲ್ಲಿ ಯಾವುದು?"

"ಅದನ್ನ ಕಂಡುಹಿಡಿಯೋಕೆ ತಾನೇ ನಿಮ್ಮ ಹತ್ರ ಬಂದಿದ್ದು."

"ಬೇರೆ ಯಾರೋ ಹೊರಗಿಂದ ಮಾಡ್ತಿರಬಹುದು."

"ಹೊರಗಿಂದ ಬರೋಕೆ ಆಗಲ್ಲ. ತಪ್ಪು ಪಾಸ್‌ವರ್ಡೆಲ್ಲ ಕಟ್ಟಡದ ಒಳಗಿಂದಾನೇ ಬಂದಿರೋದು. ನಮ್ಮ ಕಂಪ್ಯೂಟರ್ ಹುಡುಗ ಬರೆದುಕೊಟ್ಟಿದಾನೆ, ನೋಡಿ."

ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ದಾಖಲಿಸಿದರು. ಆರೋಪಿಯ ಹೆಸರು ಬರೆಯುವ ಕಡೆ 'ಗೊತ್ತಿಲ್ಲ' ಎಂದು ಬರೆದದ್ದನ್ನು ಕಂಡು ಆಡಳಿತಾಧಿಕಾರಿಯ ಮುಖ ಸಪ್ಪಗಾಯಿತು. ಸಿಸ್ಟರನ್ನು ಆಗಲೇ ಅಮಾನತು ಮಾಡಿಯಾಗಿದೆ, ಇನ್ನು ನಿಮ್ಮ ಕೆಲಸ ಎಂದು ಹೇಳಿ ಎದ್ದುಹೋದರು.

ಸೈಬರ್ ವಿಭಾಗಕ್ಕೆ ಹೆಡ್ ಕಾನ್‌ಸ್ಟೆಬಲ್ ಫೋನ್ ಹಚ್ಚಿದರು. ಬಹಳ ಹೊತ್ತು 'ಹ್ಞೂಂ' ಅಂದರು. ಆಮೇಲೆ ಇಟ್ಟರು.

"ಏನಂತೆ?"

"ಸರದೀಲಿ ಇಟ್ಟಿದಾರಂತೆ ಸಾರ್. ನಮ್ಮದಕ್ಕಿಂತ ಮುಂದೆ ಬ್ಯಾಂಕ್ ಕೇಸುಗಳೇ ರಾಶಿ ಬಿದ್ದಿವೆ. ಎರಡು ತಿಂಗಳು ಬಿಟ್ಟು ಕೇಳಿ ಅಂದ್ರು."

ಮಧ್ಯಾಹ್ನ ಎರಡಕ್ಕೆ ಸಿಸ್ಟರ್ ಹೇಳಿಕೆ ಕೊಡಲು ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಪದೇ ಪದೇ ತೊಳೆದು ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಫೋನನ್ನು ಮಹಿಳಾ ಕಾನ್‌ಸ್ಟೆಬಲ್ ಇಸಿದುಕೊಂಡು ಡ್ರಾಯರಿನಲ್ಲಿಟ್ಟಳು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸಾರ್."

"ಎಲ್ಲಾದ್ರೂ ಬರೆದಿಟ್ಟಿದೀರಾ?"

"ಇಲ್ಲ."

"ಮರೆತು ತಪ್ಪಾಗಿ ಒತ್ತಿದ್ದುಂಟಾ?"

"ಒಂದ್ಸಲ ತಪ್ಪು ಒತ್ತಿರಬಹುದು. ಐದು ಸಲ ಒತ್ತೋಷ್ಟು ಪುರುಸೊತ್ತು ಎಲ್ಲಿದೆ ಸಾರ್ ಅಲ್ಲಿ? ಒಂದೇ ಪಾಳೀಲಿ ಹನ್ನೆರಡು ಕುರ್ಚಿ ನೋಡ್ಬೇಕು."

"ಲಾಗಿನ್ ಮುಚ್ಚಿಕೊಳ್ತಿದೆ ಅಂತ ಮೇಲಿನವರಿಗೆ ಹೇಳಿದ್ರಾ?"

"ಬಾಯಲ್ಲಿ ಹೇಳ್ದೆ, ಬರೆದೂ ಕೊಟ್ಟೆ. ಕಂಪ್ಯೂಟರ್ ಹುಡುಗ ಬಂದು, ನಿಮಗೇ ಮರೆವು ಜಾಸ್ತಿ ಸಿಸ್ಟರ್, ಅಂದ. ಆಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು." ಅವರು ಕೈಗಳನ್ನು ಮಡಿಲಿಗೆ ಎಳೆದುಕೊಂಡರು. "ಶುಕ್ರವಾರ ಹನ್ನೊಂದಕ್ಕೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಣೆ ಇದೆ. ಪೊಲೀಸರು ಏನು ಬರೆದಿದಾರೋ ಅದನ್ನ ತನ್ನಿ ಅಂದಿದಾರೆ. ಏನೂ ಇಲ್ಲದೆ ಹೋದ್ರೆ ನೋಂದಣಿ ರದ್ದು. ಹದಿನೇಳು ವರ್ಷದ ಕೆಲಸ ಸಾರ್. ಬೇರೇನೂ ಗೊತ್ತಿಲ್ಲ ನನಗೆ."

ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪ್ ತೆಗೆದು ಹಾಕಿದರು, ಮತ್ತೆ ತೆಗೆದರು. ಇಂಥ ಹೊತ್ತಿನಲ್ಲಿ ಏನಾದರೂ ಹೇಳಬೇಕು ಎಂದು ಅವರಿಗೆ ಅನ್ನಿಸುತ್ತಿತ್ತು. ಹೇಳುವಂಥದ್ದು ಎಂದೂ ಹೊಳೆಯುತ್ತಿರಲಿಲ್ಲ.

ಎರಡು ನಲವತ್ತಕ್ಕೆ ಮೇಜಿನ ಫೋನ್ ಬಡಿದುಕೊಂಡಿತು. ಕೇಂದ್ರದ ಕಂಪ್ಯೂಟರ್ ತಂತ್ರಜ್ಞ. ಸಿಸ್ಟರ್ ಲಾಗಿನ್ ಈಗ ತಾನೇ ಮತ್ತೆ ಮುಚ್ಚಿಕೊಂಡಿದೆ, ನಿಮಿಷದೊಳಗೆ ಐದು ತಪ್ಪು ಪಾಸ್‌ವರ್ಡ್ ಬಿದ್ದಿವೆ ಎಂದ.

ಇನ್‌ಸ್ಪೆಕ್ಟರ್ ಎದುರಿಗೆ ಕೂತಿದ್ದ ಹೆಂಗಸನ್ನು ನೋಡಿದರು. ಹೆಡ್ ಕಾನ್‌ಸ್ಟೆಬಲ್ ಹೇಳಿಕೆಯ ಪಕ್ಕದಲ್ಲಿ ಸಮಯ ಗುರುತು ಹಾಕಿಕೊಂಡರು.

ಆಡಳಿತಾಧಿಕಾರಿಗೆ ವಿಷಯ ತಿಳಿಸಿದಾಗ ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ಹಾಗಾದ್ರೆ ಒಳಗೆ ಅವರ ಕಡೆಯವರು ಯಾರೋ ಇದಾರೆ ಸಾರ್," ಎಂದರು.

ಮಂಗಳವಾರ ಇಡೀ ದಿನ ಕೇಂದ್ರದಲ್ಲಿ ಕಳೆಯಿತು. ನೆಲಮಹಡಿಯ ಉದ್ದನೆಯ ಕೋಣೆ, ಎರಡು ಸಾಲು ಒರಗುಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಆಳೆತ್ತರದ ಯಂತ್ರ. ಗಾಳಿಯಲ್ಲಿ ವಿನೆಗರ್‌ನಂಥ ಹುಳಿ ವಾಸನೆ. ಕೂತವರು ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಂಪು ಕೊಳವೆ ಅವರ ತೋಳಿನಿಂದ ಹೊರಟು ಯಂತ್ರ ಸುತ್ತಿ ಮತ್ತೆ ತೋಳಿಗೇ ಬರುತ್ತಿತ್ತು. ಪೊಲೀಸರನ್ನು ನೋಡಿಯೂ ಯಾರೂ ಕುತೂಹಲ ತೋರಲಿಲ್ಲ. ನಾಲ್ಕು ಗಂಟೆ ಕದಲದೆ ಕೂರುವುದು ರೂಢಿಯಾದವರು.

ಕಂಪ್ಯೂಟರ್ ತಂತ್ರಜ್ಞ ಗುತ್ತಿಗೆಯವನು, ಬಂದು ಏಳು ತಿಂಗಳಾಗಿತ್ತು. ತಪ್ಪು ಪಾಸ್‌ವರ್ಡ್ ಯಾವ ಯಂತ್ರದಿಂದ ಬಂತು ಎಂದು ಕೇಳಿದರೆ ಒಂದು ಸಂಖ್ಯೆ ತೋರಿಸಿದ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಅಂಥ ಒಂದು ಸಂಖ್ಯೆ ಇರುತ್ತದೆ.

"ಈ ನಂಬರ್ ಯಾವ ಯಂತ್ರದ್ದು?"

"ಪಟ್ಟೀಲಿ ಇಲ್ಲ ಸಾರ್. ಪ್ರಿಂಟರ್ ಇರಬೇಕು."

"ಪ್ರಿಂಟರ್ ಪಾಸ್‌ವರ್ಡ್ ಹೊಡೆಯುತ್ತಾ?"

"ಇಲ್ಲ ಸಾರ್."

"ಮತ್ತೆ?"

"ಗೊತ್ತಿಲ್ಲ ಸಾರ್. ನಾನು ಬರೋಕೆ ಮುಂಚೆಯಿಂದ ಇದೆ. ಗೊತ್ತಿಲ್ಲದ್ದನ್ನ ಮುಟ್ಟಬೇಡ ಅಂತ ಆಫೀಸಲ್ಲಿ ಹೇಳಿದ್ರು."

ಒಂದೊಂದೇ ಯಂತ್ರದ ವೈರು ಹಿಡಿದು ನೋಡಿದರು. ವೈರುಗಳಿಗೆ ಚೀಟಿ ಅಂಟಿಸಿದ್ದರು, ಆದರೆ ಕೋಣೆಗಳು ಬದಲಾದ ಮೇಲೆ ಚೀಟಿ ಬದಲಾಯಿಸಿರಲಿಲ್ಲ. 'ಕ್ಯಾಷ್ ಕೌಂಟರ್' ಎಂದಿದ್ದ ವೈರು ಶೌಚಾಲಯದ ಗೋಡೆಯೊಳಗೆ ಹೋಗಿ ಮಾಯವಾಯಿತು. ಸಂಜೆ ಐದರ ಹೊತ್ತಿಗೆ ಹೆಡ್ ಕಾನ್‌ಸ್ಟೆಬಲ್ ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಸಾರ್, ಕಳ್ಳನ ಹಿಂದೆ ಓಡಿದೀನಿ, ಕುಡುಕನ ಹಿಂದೆ ಓಡಿದೀನಿ. ವೈರಿನ ಹಿಂದೆ ಓಡಿದ್ದು ಇದೇ ಮೊದಲು."

"ಮೊಣಕಾಲು ಹೇಗಿದೆ?"

"ಅದೂ ನನ್ನ ಲಾಗಿನ್ ತಗೊಳ್ತಾ ಇಲ್ಲ ಸಾರ್."

ಅಂದು ಲಾಗಿನ್ ಇನ್ನೆರಡು ಸಲ ಮುಚ್ಚಿಕೊಂಡಿತು. ಎರಡಕ್ಕೂ ಹೊತ್ತಿನ ನಂಟಿರಲಿಲ್ಲ. ತಿಂಗಳ ದಾಖಲೆ ನೋಡಿದರೂ ಅಷ್ಟೆ. ಒಂದು ದಿನ ನಾಲ್ಕು ಸಲ, ಆಮೇಲೆ ಮೂರು ದಿನ ಏನೂ ಇಲ್ಲ, ಒಂದು ಭಾನುವಾರ ನಸುಕಿನಲ್ಲಿ. ದ್ವೇಷಕ್ಕಾಗಿ ಮಾಡುವವನಿಗೂ ಊಟದ ಹೊತ್ತು ಅಂತ ಇರುತ್ತದೆ. ಇದಕ್ಕೆ ಅದೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪೆಟ್ಟಿಗೆ ಸಿಕ್ಕಿತು. ಔಷಧ ದಾಸ್ತಾನಿನ ಕೋಣೆಯಲ್ಲಿ ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಹಲಗೆ ಸರಿಸಿದ್ದು ಮಹಿಳಾ ಕಾನ್‌ಸ್ಟೆಬಲ್. ಟಾರ್ಚಿನ ಬೆಳಕಿನಲ್ಲಿ ಅಂಗೈಯಗಲದ ಕಪ್ಪು ಪೆಟ್ಟಿಗೆ ಕಂಡಿತು. ಮೇಲೆ ಧೂಳು ಕೂತಿತ್ತು. ಧೂಳಿನ ಒಳಗಿಂದ ಹಸಿರು ದೀಪ ಮಿಟುಕುತ್ತಿತ್ತು.

"ಕಿತ್ತು ಹಾಕ್ಲಾ ಸಾರ್?" ತಂತ್ರಜ್ಞ ಕೇಳಿದ. ಅವನ ದನಿಯಲ್ಲಿ ಆತುರವಿತ್ತು.

"ಬೇಡ. ಹಾಗೇ ಇರಲಿ. ಇದು ಯಾರ ಜೊತೆ ಮಾತಾಡುತ್ತೆ ನೋಡು."

ದಾಸ್ತಾನಿನ ಗುಮಾಸ್ತೆಯನ್ನೂ ಲಿಫ್ಟ್ ನೋಡಿಕೊಳ್ಳುವವನನ್ನೂ ಪಂಚರಾಗಿ ಕರೆಸಿ, ಪೆಟ್ಟಿಗೆ ಇದ್ದ ಸ್ಥಿತಿಯ ಪಂಚನಾಮೆ ಬರೆದರು. ತಂತ್ರಜ್ಞ ಅರ್ಧ ಗಂಟೆ ಪರದೆ ನೋಡಿ ಹೇಳಿದ: ಪೆಟ್ಟಿಗೆ ಒಳಗೆ ಕೇಂದ್ರದ ಸರ್ವರ್ ಜೊತೆ ಮಾತಾಡುತ್ತದೆ. ಹೊರಗೆ ಒಂದೇ ಒಂದು ವೆಬ್‌ಸೈಟ್ ಜೊತೆ. ಕದ್ದ ಮಾಹಿತಿ ಮಾರುವ ಜಾಗವಲ್ಲ. ಪ್ರೋಗ್ರಾಮ್ ಬರೆಯುವವರು ತಾವು ಬರೆದದ್ದನ್ನು ಎಲ್ಲರಿಗೂ ಬಿಚ್ಚಿಡುವ ಜಾಗ.

"ಅಲ್ಲಿ ಒಂದು ಲೈಬ್ರರಿ ಇದೆ ಸಾರ್. ಅದರ ಜೊತೆಗೇ ಇದರ ಮಾತು."

"ಲೈಬ್ರರಿ ಅಂದ್ರೆ ಒಳ್ಳೇದಾಯ್ತಲ್ಲ," ಹೆಡ್ ಕಾನ್‌ಸ್ಟೆಬಲ್ ಉತ್ಸಾಹದಿಂದ ಅಂದರು. "ಸದಸ್ಯರ ವಿಳಾಸ ಇಟ್ಟಿರ್ತಾರೆ."

"ಆ ಲೈಬ್ರರಿ ಅಲ್ಲ ಸಾರ್." ತಂತ್ರಜ್ಞ ಮೊದಲ ಸಲ ನಕ್ಕ. "ಇನ್ನೊಂದು ಕಂಪ್ಯೂಟರ್ ಜೊತೆ ಹೇಗೆ ಮಾತಾಡ್ಬೇಕು ಅನ್ನೋದನ್ನ ಒಂದ್ಸಲ ಸರಿಯಾಗಿ ಬರೆದಿಟ್ಟಿರ್ತಾರೆ. ಬೇಕಾದವರು ತಗೊಂಡು ತಮ್ಮ ಪ್ರೋಗ್ರಾಮಲ್ಲಿ ಹಾಕ್ಕೋತಾರೆ. ಪುಕ್ಕಟೆ. ಬರೆಯೋರಿಗೂ ಏನೂ ಸಿಗಲ್ಲ. ನಮ್ಮ ಕೇಂದ್ರದ ಸಾಫ್ಟ್‌ವೇರ್ ಒಳಗೂ ಅದೇ ಇರಬಹುದು."

ಮಧ್ಯಾಹ್ನವೆಲ್ಲ ಮಹಿಳಾ ಕಾನ್‌ಸ್ಟೆಬಲ್ ಆ ಪುಟದ ಮುಂದೆ ಕೂತಳು. ಯಾವುದನ್ನೂ ಮುಚ್ಚಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ಸಾವಿರಾರು ಮಾತುಗಳು, ಯಾರಿಗೂ ನಿಜವಾದ ಹೆಸರಿಲ್ಲ. ತಿಳಿಯದ್ದನ್ನು ತಂತ್ರಜ್ಞನನ್ನು ಕೇಳಿ ಕೇಳಿ, ಸಂಜೆಯ ಹೊತ್ತಿಗೆ ಅವಳು ಇನ್‌ಸ್ಪೆಕ್ಟರಿಗೆ ಇಷ್ಟು ಬಿಡಿಸಿ ಹೇಳಿದಳು.

ದೊಡ್ಡ ಸಂಸ್ಥೆಗಳ ಜಾಲದೊಳಗೆ ಹೋಗಬೇಕಾದರೆ ಪ್ರೋಗ್ರಾಮ್ ತಾನು ಯಾರೆಂದು ಸಾಬೀತು ಮಾಡಬೇಕು. ಇದಕ್ಕೆ ದೃಢೀಕರಣ ಎನ್ನುತ್ತಾರೆ. ಆ ಲೈಬ್ರರಿಗೆ ಇದು ಬರುತ್ತಿರಲಿಲ್ಲ. ಕಲಿಸುತ್ತೇನೆ ಎಂದು ಮೂರು ವರ್ಷದ ಹಿಂದೆ ಒಬ್ಬ ಮುಂದೆ ಬಂದಿದ್ದಾನೆ. ಪುಟದಲ್ಲಿ ಅವನ ಅಡ್ಡಹೆಸರು 'ಹಳೇಬೀಗ'. ಲೈಬ್ರರಿಯ ನಿರ್ವಾಹಕ ಬೇರೆ ಯಾವುದೋ ದೇಶದವನು. ಬರೆದದ್ದನ್ನೆಲ್ಲ ಓದಿ ಒಪ್ಪುವುದು, ತಿರುಗಿಸಿ ಕಳಿಸುವುದು ಅವನ ಕೆಲಸ. ಅವನು ತಿರುಗಿಸಿ ಕಳಿಸುತ್ತಲೇ ಬಂದಿದ್ದಾನೆ. ಇಲ್ಲಿ ಹೀಗೆ ಬರಿ, ಅಲ್ಲಿ ಹಾಗೆ ಬೇಡ. ಕೊನೆಗೆ ಒಂದೇ ಮಾತಿಗೆ ಬಂದು ನಿಂತಿದ್ದಾನೆ: ಪರೀಕ್ಷೆಗೆಂದೇ ಮಾಡಿಕೊಂಡ ಆಟಿಕೆ ಸರ್ವರ್ ಮೇಲೆ ನಡೆಯಿತು ಎಂದರೆ ನಂಬಲಾರೆ, ನಿಜವಾದ ಸರ್ವರ್ ಮೇಲೆ ನಡೆಸಿ ತೋರಿಸು.

"ತೋರಿಸಿದಾನಾ?"

"ತೋರಿಸ್ತಾನೇ ಇದಾನೆ ಸಾರ್. ಅದೇ ಈ ಪೆಟ್ಟಿಗೆ." ಅವಳು ಫೋನನ್ನು ಅವರತ್ತ ತಿರುಗಿಸಿದಳು. "ಈ ಲೈಬ್ರರೀಲಿ ಯಾರು ಏನೇ ಬದಲಾವಣೆ ಕಳಿಸಿದ್ರೂ, ಎಲ್ಲ ಸರಿಯಾಗಿದೆಯಾ ಅಂತ ಪರೀಕ್ಷೆಗಳು ತಾವಾಗೇ ನಡೀತಾವೆ. ಅದರಲ್ಲೊಂದು ಈ ಪೆಟ್ಟಿಗೇಲಿ ನಡೆಯೋದು. ಸರಿಯಾದ ಪಾಸ್‌ವರ್ಡ್ ಕೊಟ್ರೆ ಬಾಗಿಲು ತೆಗೀಬೇಕು, ತಪ್ಪು ಕೊಟ್ರೆ ತೆಗೀಬಾರದು. ಎರಡನ್ನೂ ನೋಡ್ಬೇಕಲ್ಲ. ತಪ್ಪು ಪಾಸ್‌ವರ್ಡ್ ಕೊಡೋದನ್ನ ಐದು ರೀತೀಲಿ ನೋಡ್ತಾನೆ."

"ಐದು."

"ಹ್ಞೂಂ ಸಾರ್. ಮುಂದಿನ ಆವೃತ್ತಿ ಹತ್ರ ಬಂದಿದೆ, ಎಲ್ಲರೂ ಬದಲಾವಣೆ ಕಳಿಸ್ತಾ ಇದಾರೆ. ಅದಕ್ಕೇ ಈ ತಿಂಗಳು ಜಾಸ್ತಿ. ಎಲ್ಲೋ ಇನ್ನೊಂದು ದೇಶದಲ್ಲಿ ಒಬ್ಬ ಕಾಫಿ ಕುಡೀತಾ ಒಂದು ಸಾಲು ತಿದ್ದಿದ್ರೆ ಇಲ್ಲಿ ಸಿಸ್ಟರ್ ಲಾಗಿನ್ ಮುಚ್ಚಿಕೊಳ್ಳುತ್ತೆ."

ಮೂರು ದಿನದಿಂದ ಇನ್‌ಸ್ಪೆಕ್ಟರ್ ಒಂದು ಕೈಯನ್ನು ಹುಡುಕುತ್ತಿದ್ದರು, ಸಿಟ್ಟಿನಿಂದ ಐದು ಸಲ ಕೀಲಿ ಒತ್ತುವ ಕೈ. ಅಂಥದ್ದೊಂದು ಇರಲೇ ಇಲ್ಲ.

ಹಳೇಬೀಗ ಎಂಬುವನ ಹೆಸರು, ವಿಳಾಸ ಕೋರಿ ಲೈಬ್ರರಿಯ ಇಮೇಲ್‌ಗೆ ಅಧಿಕೃತ ನೋಟಿಸ್ ಕಳಿಸಿದರು. ಉತ್ತರ ಅದೇ ನಿಮಿಷ ಬಂತು. ದೂರುಗಳನ್ನು ಇಮೇಲ್‌ನಲ್ಲಿ ಸ್ವೀಕರಿಸುವುದಿಲ್ಲ, ನಿಗದಿತ ನಮೂನೆ ತುಂಬಿ ಸಲ್ಲಿಸಿ, ಇದೇ ದೂರು ಮೊದಲೇ ಬಂದಿದೆಯೇ ಎಂದು ಹುಡುಕಿ ನೋಡಿ.

ಹೆಡ್ ಕಾನ್‌ಸ್ಟೆಬಲ್ ಅದನ್ನು ಓದಿಸಿಕೊಂಡು ಕೇಳಿ ಕನ್ನಡಕ ತೆಗೆದಿಟ್ಟರು. "ಸಾರ್, ಇವರು ನಮ್ಮನ್ನೂ ಮೀರಿಸಿದ್ರಲ್ಲ."

ಗುರುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ, ಅದೇ ಇಬ್ಬರು ಪಂಚರ ಮುಂದೆ ಪರೀಕ್ಷೆಯನ್ನೇ ಪರೀಕ್ಷಿಸಿದರು. ಸಿಸ್ಟರ್ ಅಮಾನತಿನಲ್ಲಿದ್ದುದರಿಂದ ಆ ಲಾಗಿನ್ನನ್ನು ಯಾರೂ ಬಳಸುತ್ತಿರಲಿಲ್ಲ. ರೋಗಿಗಳಿಗೆ ತೊಂದರೆ ಇರಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ತಂತ್ರಜ್ಞನ ಖಾತೆಯಿಂದ ಲೈಬ್ರರಿಯ ವಿವರಣೆಯ ಪುಟಕ್ಕೆ ಒಂದು ಖಾಲಿ ಸಾಲು ಸೇರಿಸಿ ಕಳಿಸಿದಳು. ಎಲ್ಲರೂ ಕಂಪ್ಯೂಟರ್ ಕೋಣೆಯ ಪರದೆ ನೋಡುತ್ತ ನಿಂತರು. ಹೊರಗೆ ಯಾವುದೋ ಯಂತ್ರ ಕುಯ್ಯೆಂದು ಕೂಗಿ, ಯಾರೋ ಬಂದು ಅದನ್ನು ಸುಮ್ಮನಾಗಿಸಿದರು. ನಾಲ್ಕನೇ ನಿಮಿಷಕ್ಕೆ ಪರದೆಯ ಮೇಲೆ ಐದು ಕೆಂಪು ಸಾಲು ಒಂದರ ಕೆಳಗೊಂದು ಬಂದವು. ಲಾಗಿನ್ ಮುಚ್ಚಿಕೊಂಡಿತು.

"ಇನ್ನೊಂದ್ಸಲ," ಇನ್‌ಸ್ಪೆಕ್ಟರ್ ಅಂದರು.

ಅರ್ಧ ಗಂಟೆ ಕಾದು ಆ ಖಾಲಿ ಸಾಲನ್ನು ತೆಗೆದು ಕಳಿಸಿದರು. ಮತ್ತೆ ಐದು ಕೆಂಪು ಸಾಲು. ಲಿಫ್ಟ್‌ನವನು ಸಹಿ ಹಾಕುವಾಗ ಕೇಳಿದ: "ಏನೂ ಬರೀದೇ ಕಳಿಸಿದ್ದಕ್ಕೆ ಪಂಚನಾಮೆಯಾ ಸಾರ್?"

ಪೆಟ್ಟಿಗೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಅರಗು ಒತ್ತಿದರು. ಆಮೇಲೆ ಇನ್‌ಸ್ಪೆಕ್ಟರ್ ತಂತ್ರಜ್ಞನನ್ನು ಮೆಟ್ಟಿಲ ಬಳಿಗೆ ಕರೆದೊಯ್ದರು.

"ನಿನಗೆ ಮುಂಚೆ ಈ ಕೆಲಸದಲ್ಲಿದ್ದವನು ಯಾರು?"

ಅವನು ನೆಲ ನೋಡಿದ.

"ಯಾವಾಗ ಮಾತಾಡಿಸಿದೆ ಅವನನ್ನ?"

"ಹೋದ ವಾರ ಬುಧವಾರ ಸಾರ್. ಲಾಗಿನ್ ಯಾಕೆ ಮುಚ್ಚಿಕೊಳ್ತಿದೆ ಅಂತ ತಲೆ ಕೆಟ್ಟುಹೋಗಿತ್ತು. ಅಣ್ಣ, ಈ ನಂಬರ್ ಏನು ಅಂತ ಕೇಳಿದೆ. ಪ್ರಿಂಟರ್ ಇರಬೇಕು ಅಂದ್ರು. ಆ ಸಿಸ್ಟರ್‌ಗೆ ಮರೆವು ಜಾಸ್ತಿ, ಅವರೇ ತಪ್ಪು ಒತ್ತುತಿರಬೇಕು ಅಂದ್ರು. ನಾನು ಅದನ್ನೇ ಸಿಸ್ಟರ್‌ಗೆ ಹೇಳ್ದೆ. ಆಫೀಸಲ್ಲೂ ಅದನ್ನೇ ಹೇಳ್ದೆ."

"ನಮಗ್ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲದ್ದಕ್ಕೆ ಹೊರಗಿನವರನ್ನ ಕೇಳಿದೆ ಅಂತಾದ್ರೆ ಕೆಲಸದಿಂದ ತೆಗೀತಾರೆ ಸಾರ್."

ಹನ್ನೆರಡೂವರೆಗೆ ಜೀಪು ಆ ಹಳೆಯ ತಂತ್ರಜ್ಞನ ಮನೆಯ ಮುಂದೆ ನಿಂತಿತು. ಅಕ್ಕ, ಭಾವನ ಜೊತೆ ಅವನ ವಾಸ. ಮಹಡಿಯ ಮೇಲೆ ಒಂದು ಕೋಣೆ. ಬಾಗಿಲು ತೆರೆದದ್ದು ಭಾವ. ಪೊಲೀಸರನ್ನು ಕಂಡರೂ ಗಾಬರಿಯಾಗಲಿಲ್ಲ. ಏನೋ ಕಂಪ್ಯೂಟರ್ ರಿಪೇರಿಗೆ ಕರೆಯಲು ಬಂದಿದ್ದಾರೆ ಎಂದುಕೊಂಡರು.

"ಕರ್ಕೊಂಡು ಹೋಗಿ ಸಾರ್, ಪುಣ್ಯ ಬರುತ್ತೆ. ಲೋಕಕ್ಕೆಲ್ಲ ಬಿಟ್ಟಿ ದುಡೀತಾನೆ ನಮ್ಮ ಬಾಮೈದ. ಮನೇಲಿ ಬಲ್ಬು ಬದಲಾಯಿಸು ಅಂದ್ರೆ ಮುಂದಿನ ವರ್ಷ ನೋಡೋಣ ಅಂತಾನೆ. ಏನಯ್ಯಾ, ಸರ್ಕಾರ ಬಂದಿದೆ ನೋಡು ನಿನ್ನ ಹುಡುಕ್ಕೊಂಡು."

ಅಕ್ಕ ಅಡುಗೆಮನೆಯಿಂದ ಬಂದು ಇನ್‌ಸ್ಪೆಕ್ಟರ್ ಮುಖ ನೋಡಿದಳು. "ನೀವು ಸ್ವಲ್ಪ ಸುಮ್ನಿರ್ತೀರಾ," ಎಂದಳು ಗಂಡನಿಗೆ.

ಅವನು ಮೆಟ್ಟಿಲಿಳಿದು ಬಂದ. ಮೂವತ್ತೈದರ ಸಣಕಲು ಆಳು, ಗಡ್ಡ ಬೋಳಿಸಿ ವಾರವಾಗಿತ್ತು. ಸಮವಸ್ತ್ರ ಕಂಡು ಕೊನೆಯ ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಇದು ನಿಂದೇನಾ?" ಇನ್‌ಸ್ಪೆಕ್ಟರ್ ಫೋನಿನಲ್ಲಿದ್ದ ಪೆಟ್ಟಿಗೆಯ ಚಿತ್ರ ತೋರಿಸಿದರು.

"ಹೌದು." ಸ್ವಲ್ಪ ತಡೆದು ಕೇಳಿದ: "ಆಫ್ ಮಾಡಿಬಿಟ್ರಾ?"

"ಮಾಡಿದ್ವಿ."

ಅವನು ಗೋಡೆಗೆ ಕೈ ಊರಿದ. ಭಾವ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಕಡೆ ನೋಡಿ ಮುಚ್ಚಿಕೊಂಡರು. ಬಂಧನದ ಕಾರಣ ತಿಳಿಸಿ, ಅಕ್ಕನ ಸಹಿ ಪಡೆದರು. ಅವಳು ಒಳಗೆ ಹೋಗಿ ತಮ್ಮನ ಸ್ವೆಟರ್ ತಂದು ಕೊಟ್ಟಳು. ಹೊರಗೆ ಸುಡುಬಿಸಿಲಿತ್ತು. ಅವನು ಅದನ್ನು ತೋಳ ಮೇಲೆ ಹಾಕಿಕೊಂಡು ಜೀಪು ಹತ್ತಿದ.

ಮಧ್ಯಾಹ್ನ ಮೂರಕ್ಕೆ ವಿಚಾರಣೆ ಆರಂಭವಾಯಿತು. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ.

"ಕೇಂದ್ರದ ಸರ್ವರೇ ಯಾಕೆ?"

"ಅಂಥ ಸರ್ವರ್ ನನ್ನ ಕೈಗೆಟುಕೋ ಹಾಗೆ ಇನ್ನೆಲ್ಲೂ ಇರಲಿಲ್ಲ. ಅಲ್ಲಿ ಕೆಲಸಕ್ಕಿದ್ದಾಗ ಹಾಕ್ದೆ. ಗುತ್ತಿಗೆ ಮುಗಿದಾಗ ತೆಗೀಬೇಕಿತ್ತು."

"ಸಿಸ್ಟರ್ ಲಾಗಿನ್ ಯಾಕೆ?"

"ತಪ್ಪು ಪಾಸ್‌ವರ್ಡ್ ನೋಡೋಕೂ ನಿಜವಾಗಿ ಇರೋ ಹೆಸರು ಬೇಕು. ಅವರು ದೊಡ್ಡ ರಜೆ ಹಾಕಿ ಹೋಗಿದ್ರು. ವಾಪಸ್ ಬರಲ್ಲ ಅಂತ ಎಲ್ಲ ಮಾತಾಡ್ತಿದ್ರು. ಖಾಲಿ ಮನೆ ಬಾಗಿಲು ತಟ್ಟಿದ್ರೆ ಯಾರಿಗೇನು ಅನ್ಕೊಂಡೆ."

"ಬಂದಿದಾರೆ ಅಂತ ಯಾವಾಗ ಗೊತ್ತಾಯ್ತು?"

ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಹಿಡಿದು ಕಾದರು.

"ಹೋದ ವಾರ ಬುಧವಾರ ಫೋನ್ ಬಂದಾಗ."

"ಪರೀಕ್ಷೆ ನಿಲ್ಲಿಸೋಕೆ ಎಷ್ಟೊತ್ತು ಬೇಕಿತ್ತು?"

"ಲೈಬ್ರರಿ ಪುಟದಲ್ಲಿ ಒಂದು ಗುಂಡಿ ಒತ್ತಿದ್ರೆ ಸಾಕಿತ್ತು. ಮನೇಲೇ ಕೂತು."

"ಬೇರೆ ಹೆಸರಾದ್ರೂ ಹಾಕಬಹುದಿತ್ತಲ್ಲ."

"ಆ ಲಾಗಿನ್ನಿನ ವಿವರ ಪೆಟ್ಟಿಗೇಲೇ ಇರೋದು, ಅದನ್ನ ಬದಲಾಯಿಸೋಕೆ ಒಳಗೆ ಹೋಗಬೇಕು. ಪರೀಕ್ಷೇನೇ ನಿಲ್ಲಿಸಿದ್ರೆ ಪುಟದಲ್ಲಿ ಕೆಂಪು ಗುರುತು ಬರುತ್ತೆ. ಶುಕ್ರವಾರ ಹೊಸ ಆವೃತ್ತಿಗೆ ಕೊನೇ ದಿನ. ಅಲ್ಲೀವರೆಗೆ ಒಂಬತ್ತು ದಿನ ಹಸಿರಾಗೇ ಇದ್ದಿದ್ರೆ ಸೇರಿಸ್ಕೋತಿದ್ರು. ಇಲ್ಲಾಂದ್ರೆ ಮತ್ತೆ ಒಂದು ವರ್ಷ."

"ಅದಕ್ಕೆ ಸಿಸ್ಟರ್‌ಗೆ ಮರೆವು ಅಂತ ಹೇಳಿಬಿಟ್ಟೆ."

"ಶುಕ್ರವಾರ ಆದ್ಮೇಲೆ ತೆಗೆದುಬಿಡೋಣ ಅಂತಿದ್ದೆ."

"ಮುದುಕರ ವಿಷಯ ಗೊತ್ತಾ?"

"ಸೋಮವಾರ ಗೊತ್ತಾಯ್ತು. ಪೇಪರಲ್ಲಿ ಬಂದಿತ್ತು."

"ಸೋಮವಾರ ಗೊತ್ತಾಯ್ತು. ಇವತ್ತು ಗುರುವಾರ." ಇನ್‌ಸ್ಪೆಕ್ಟರ್ ದನಿ ಏರಲಿಲ್ಲ. "ಈ ನಾಲ್ಕು ದಿನ ಏನ್ ಮಾಡ್ತಿದ್ದೆ?"

"ಪುಟ ನೋಡ್ತಾ ಕೂತಿದ್ದೆ ಸಾರ್."

ದುಡ್ಡು ಸಿಗುತ್ತಿತ್ತೇ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರು. ಇಲ್ಲ. ಹೆಸರು ಬರುತ್ತಿತ್ತೇ? ಅಡ್ಡಹೆಸರು, ಸಾವಿರ ಹೆಸರುಗಳ ನಡುವೆ ಒಂದು. ಮತ್ತೆ ಯಾಕಪ್ಪಾ, ಎಂದರು ಅವರು. ಅದು ವಿಚಾರಣೆಯ ಪ್ರಶ್ನೆಯಾಗಿರಲಿಲ್ಲ. ಮನೆಯ ಹಿರಿಯರು ಕೇಳುವ ಹಾಗಿತ್ತು.

ಅವನು ತೋಳ ಮೇಲಿದ್ದ ಸ್ವೆಟರಿನ ದಾರ ಎಳೆಯುತ್ತ ಹೇಳಿದ.

"ಕೆಲಸದಲ್ಲಿ ನನ್ನ ಕರೀತಿದ್ದದ್ದು ಪ್ರಿಂಟರಲ್ಲಿ ಪೇಪರ್ ಸಿಕ್ಕಾಕೊಂಡಾಗ. ಮನೇಲಿ ಬಲ್ಬು ಹೋದಾಗ. ಆ ನಿರ್ವಾಹಕ ಯಾರೋ ಏನೋ ಸಾರ್, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಮೂರು ವರ್ಷ ನಾನು ಬರೆದ ಒಂದೊಂದು ಸಾಲನ್ನೂ ಓದಿದಾರೆ. ಇದು ಯಾಕೆ ಹೀಗೆ ಅಂತ ಕೇಳಿದಾರೆ. ನಾನು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು ಉತ್ತರ ಕೊಟ್ಟಿದಾರೆ. ಬೈದ ಹಾಗೇ ಇರ್ತಿತ್ತು. ಆದ್ರೂ ಹಾಗೆ ಇನ್ಯಾರೂ ನನ್ನನ್ನ ಓದಿಲ್ಲ. ನಡೀಲಿಲ್ಲ ಅಂತ ಅವರಿಗೆ ಹೇಳೋದಕ್ಕೆ ನನ್ನ ಕೈಲಿ ಆಗ್ಲಿಲ್ಲ."

ಇನ್‌ಸ್ಪೆಕ್ಟರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಬೀದಿಯಲ್ಲಿ ಒಬ್ಬಾತ ಸೈಕಲ್ಲಿನ ಚೈನು ಹಾಕಲು ಹೆಣಗುತ್ತಿದ್ದ. ಅದು ಕೂರುತ್ತಿತ್ತು, ಪೆಡಲ್ ತಿರುಗಿಸಿದರೆ ಕಳಚುತ್ತಿತ್ತು. ಸಿಟ್ಟು ಬರಬೇಕಿತ್ತು ಎಂದು ಅವರಿಗೆ ಅನ್ನಿಸಿತು. ಬಂದಿತ್ತು ಕೂಡ, ಆದರೆ ಅದನ್ನು ಇಡುವ ಜಾಗ ತಿಳಿಯಲಿಲ್ಲ.

"ನಾಳೆ ಹನ್ನೊಂದಕ್ಕೆ ಸಿಸ್ಟರ್ ವಿಚಾರಣೆ," ಅವರು ತಿರುಗದೆಯೇ ಹೇಳಿದರು. "ಅವರ ನೋಂದಣಿ ಹೋಗುತ್ತೆ. ನೀನು ಹೇಳಿದ ಒಂದು ಮಾತಿಂದ ಹೋಗುತ್ತೆ."

ಅವನಿಗೆ ಅದು ತಿಳಿದಿರಲಿಲ್ಲ. ಮುಖದಲ್ಲಿ ಕಂಡಿತು.

ಹೆಡ್ ಕಾನ್‌ಸ್ಟೆಬಲ್ ತಾವು ಬರೆದ ಹೇಳಿಕೆಯ ಎರಡು ಹಾಳೆಗಳನ್ನು ಅವನ ಮುಂದಿಟ್ಟರು. ಓದಿ ಹೇಳಬೇಕಾ ಎಂದು ಕೇಳಿದರು. ಬೇಡ ಎಂದು ತಾನೇ ಓದತೊಡಗಿದ. ಬೆರಳನ್ನು ಸಾಲಿನ ಕೆಳಗೆ ಇಟ್ಟು, ನಿಧಾನವಾಗಿ, ಒಂದೂ ಪದ ಬಿಡದೆ ಓದಿದ. ಎರಡನೇ ಹಾಳೆಯ ನಡುವೆ ಬೆರಳು ನಿಂತಿತು.

"ಇಲ್ಲಿ ಸರಿಯಿಲ್ಲ ಸಾರ್."

"ಏನಾಯ್ತು?"

"'ಸದರಿ ನರ್ಸ್ ಲಾಗಿನ್‌ಗೆ ತೊಂದರೆಯಾಗುತ್ತಿರುವುದು ನನ್ನ ಗಮನಕ್ಕೆ ಬಂದಿರಬಹುದು' ಅಂತ ಬರೆದಿದೀರ."

ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಕಡೆ ನೋಡಲಿಲ್ಲ. "ಇರಲಿ ಬಿಡಪ್ಪಾ," ಎಂದರು ತಗ್ಗಿದ ದನಿಯಲ್ಲಿ. "ನಿನಗೇ ಒಳ್ಳೇದು ಅದು."

"ಹಾಗೆ ಬರೆದ್ರೆ ನಾಳೆ ಅಲ್ಲಿ ಸಿಸ್ಟರನ್ನ ಮತ್ತೆ ಕೇಳ್ತಾರೆ. ಅವರದೂ ಸ್ವಲ್ಪ ತಪ್ಪಿರಬಹುದು ಅಂತಾರೆ." ಅವನು ಹಾಳೆಯನ್ನು ತಿರುಗಿಸಿ ಅವರತ್ತ ತಳ್ಳಿದ. "ಗಮನಕ್ಕೆ ಬಂದಿತ್ತು, ನಿಲ್ಲಿಸಲಿಲ್ಲ, ಅವರ ಮೇಲೆ ಹೊರಿಸಿದೆ. ಮೂರನ್ನೂ ಬರೀರಿ. ಬೇರೆ ಬೇರೆ ಸಾಲಾಗಿ."

ಹೆಡ್ ಕಾನ್‌ಸ್ಟೆಬಲ್ ಹೊಸ ಹಾಳೆ ತೆಗೆದುಕೊಂಡರು. ಅವನು ಪೂರ್ತಿ ಮತ್ತೆ ಓದಿ ಸಹಿ ಹಾಕಿದಾಗ ಐದು ಗಂಟೆ ದಾಟಿತ್ತು. ಮಹಿಳಾ ಕಾನ್‌ಸ್ಟೆಬಲ್ ದೃಢೀಕೃತ ಪ್ರತಿಯನ್ನು ಲಕೋಟೆಗೆ ಹಾಕಿಕೊಂಡು, ಸಿಸ್ಟರ್ ಮನೆಯ ದಾರಿ ಕೇಳಿಕೊಂಡು ಹೊರಟಳು.